ಅಪೀಲ್ ಹಾಕಿ 19 ತಿಂಗಳಾಯಿತು, ಈಗ ಮೆಡಿಕಲ್ ಬೋರ್ಡ್‌ಗೆ ಬನ್ನಿ ಅಂತ ಪತ್ರ ಬಂದಿದೆ. ಡಿಸೆಬಿಲಿಟಿ ಪೆನ್ಷನ್ ಬಗ್ಗೆ ತಿಳಿದವರು ದಾರಿ ಹೇಳಿ

ಗನ್ನರ್ ಹಾವೇರಿ:

ಎಲ್ಲರಿಗೂ ನಮಸ್ಕಾರ. ಆರ್ಟಿಲರಿಯಲ್ಲಿ 24 ವರ್ಷ ಸರ್ವಿಸ್ ಮಾಡಿ 2023ರ ಜುಲೈ 31ಕ್ಕೆ ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಬಂದೆ. ಈಗ ಊರಲ್ಲಿ ಮೂರು ಎಕರೆ ಮೆಕ್ಕೆಜೋಳ ನೋಡಿಕೊಂಡು ಇದ್ದೇನೆ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ ಎರಡು ತೊಂದರೆ. ಒಂದು ಬಿಪಿ, ಇನ್ನೊಂದು ಎರಡೂ ಕಿವಿ ಮಂದ. ಕುಕ್ಕರ್ ಸೀಟಿ ನನಗೆ ಕೇಳುವುದಿಲ್ಲ. ಹೆಂಡತಿ ಹಿತ್ತಲಿನಿಂದ ಬಂದು ಎಷ್ಟು ಸೀಟಿ ಆಯಿತು ಅಂತ ಕೇಳಿದರೆ ಅಡುಗೆಮನೆ ಬಾಗಿಲಲ್ಲೇ ಕೂತಿದ್ದವನಿಗೆ ಉತ್ತರ ಗೊತ್ತಿರುವುದಿಲ್ಲ. ರಾತ್ರಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಗುಂಯ್ ಅನ್ನುತ್ತದೆ. ಗನ್ ಪಕ್ಕ ನಿಂತು ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ.

2023ರ ಏಪ್ರಿಲ್‌ನಲ್ಲಿ ರಿಲೀಸ್ ಮೆಡಿಕಲ್ ಬೋರ್ಡ್ ಆಯಿತು. ಬಿಪಿಗೆ 30 ಪರ್ಸೆಂಟ್ ಕೊಟ್ಟರು, ಆದರೆ ಸರ್ವಿಸ್‌ನಿಂದ ಬಂದದ್ದೂ ಅಲ್ಲ, ಸರ್ವಿಸ್‌ನಿಂದ ಜಾಸ್ತಿ ಆದದ್ದೂ ಅಲ್ಲ ಅಂತ ಬರೆದರು. ಕಿವಿಗೆ ಸರ್ವಿಸ್ ಕಾರಣ ಅಂತ ಒಪ್ಪಿದರು, ಆದರೆ 15ರಿಂದ 19 ಪರ್ಸೆಂಟ್ ಅಷ್ಟೇ ಕೊಟ್ಟರು. ಒಂದಕ್ಕೆ ಪರ್ಸೆಂಟ್ ಇದೆ, ಕಾರಣ ಇಲ್ಲ. ಇನ್ನೊಂದಕ್ಕೆ ಕಾರಣ ಇದೆ, ಬೇಕಾದ 20 ಪರ್ಸೆಂಟ್ ಇಲ್ಲ. ಅಕ್ಟೋಬರ್‌ನಲ್ಲಿ ರಿಜೆಕ್ಷನ್ ಪತ್ರ ಬಂತು. 2024ರ ಮಾರ್ಚ್‌ನಲ್ಲಿ, ಆರು ತಿಂಗಳು ಮುಗಿಯುವ ಮೊದಲೇ, ಫಸ್ಟ್ ಅಪೀಲ್ ಸ್ಪೀಡ್ ಪೋಸ್ಟ್ ಮಾಡಿದೆ. ಆಮೇಲೆ ಮೂರು ಸಲ ನೆನಪಿನ ಪತ್ರ ಹಾಕಿದೆ. ಪರಿಶೀಲನೆಯಲ್ಲಿದೆ ಅಂತ ಒಂದು ಸಾಲಿನ ಉತ್ತರ ಒಂದೇ ಸಲ ಬಂತು. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ, ಆ ಇನ್ನೊಬ್ಬರು ಮೊದಲಿನವರ ನಂಬರ್ ಕೊಡುತ್ತಾರೆ.

ಹೋದ ವಾರ ಪತ್ರ ಬಂತು. ಅಪೀಲ್ ಮೆಡಿಕಲ್ ಬೋರ್ಡ್ ಇದೆ, ಇನ್ನು ಮೂರು ವಾರಕ್ಕೆ ಆಸ್ಪತ್ರೆಗೆ ಹಾಜರಾಗಿ ಅಂತ. ಇದು ಒಳ್ಳೆಯ ಸುದ್ದಿಯೋ ಅಲ್ಲವೋ ಗೊತ್ತಾಗುತ್ತಿಲ್ಲ. ನಮ್ಮ ಕಡೆಯ ಒಬ್ಬ ಮಾಜಿ ಸೈನಿಕರು, ಒಂದು ವಾರ ಮೊದಲೇ ಬಿಪಿ ಮಾತ್ರೆ ನಿಲ್ಲಿಸಿಬಿಡು, ಅಲ್ಲಿ ರೀಡಿಂಗ್ ಜಾಸ್ತಿ ಬಂದರೆ ಕೇಸ್ ಗಟ್ಟಿಯಾಗುತ್ತೆ ಅಂದರು. ಕಿವಿ ಟೆಸ್ಟ್‌ನಲ್ಲೂ ಬಟನ್ ತಡವಾಗಿ ಒತ್ತು ಅಂದರು. ಮನಸ್ಸು ಒಪ್ಪುತ್ತಿಲ್ಲ. ಹಾಗೆ ಮಾಡದೆ ಹೋದರೆ ಕಳೆದುಕೊಳ್ಳುತ್ತೇನೇನೋ ಅಂತ ಹೆದರಿಕೆಯೂ ಇದೆ. ಇನ್ನೂ ಕಾಯಬೇಕೋ, ಸೈನಿಕರ ಕೇಸ್ ನೋಡುವ ಟ್ರಿಬ್ಯೂನಲ್‌ಗೆ ಹೋಗಬೇಕೋ ಅದನ್ನೂ ಹೇಳಿ.

ಕ್ಲರ್ಕ್ ಸಾಬ್ ಬೆಳಗಾವಿ:

ಹವಾಲ್ದಾರ್ ಸಾಹೇಬರೇ, ನಾನು ಸರ್ವಿಸ್ ಪೂರ್ತಿ ಕ್ಲರ್ಕ್ ಆಗಿದ್ದವನು, ಕೊನೆಯ ಕೆಲವು ವರ್ಷ ಇದೇ ಕಾಗದಗಳ ಮಧ್ಯೆಯೇ ಕೂತಿದ್ದೆ. ನಿಮ್ಮ ಮಾತ್ರೆಯ ಪ್ರಶ್ನೆಗೆ ಡಾಕ್ಟರ್ ಯಾರಾದರೂ ಉತ್ತರ ಕೊಡಲಿ. ನಾನು ಕಾಗದದ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನಿಮ್ಮ ಬಿಪಿ ಎಷ್ಟಿದೆ ಅನ್ನುವುದರ ಮೇಲೆ ಜಗಳವೇ ಇಲ್ಲ. 30 ಪರ್ಸೆಂಟ್ ಅಂತ ಅವರೇ ಬರೆದು ಸಹಿ ಹಾಕಿದ್ದಾರೆ. ಜಗಳ ಇರುವುದು ಅದು ಎಲ್ಲಿಂದ ಬಂತು ಅನ್ನುವುದರ ಮೇಲೆ. ಬೋರ್ಡ್ ದಿನ ಮೆಷಿನ್‌ನಲ್ಲಿ 130 ಬಂದರೂ 180 ಬಂದರೂ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ನಿಮ್ಮ ಹಳೆಯ ಕಾಗದದಲ್ಲಿದೆ.

ಹಾಗಾಗಿ ಮೊದಲು ಏಪ್ರಿಲ್ 2023ರ ಬೋರ್ಡ್ ಪ್ರೊಸೀಡಿಂಗ್ಸ್, ಅಂದರೆ ಎಎಫ್‌ಎಂಎಸ್‌ಎಫ್-16, ಪೂರ್ತಿ ಕೈಯಲ್ಲಿದೆಯಾ ನೋಡಿ. ಎಷ್ಟೋ ಜನರ ಹತ್ತಿರ ಬರೀ ರಿಜೆಕ್ಷನ್ ಪತ್ರ ಇರುತ್ತದೆ, ಅದನ್ನೇ ಇಟ್ಟುಕೊಂಡು ಅಪೀಲ್ ಬರೆದಿರುತ್ತಾರೆ. ಇಲ್ಲದಿದ್ದರೆ ಇವತ್ತೇ ರೆಕಾರ್ಡ್ ಆಫೀಸ್‌ಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ. 30 ದಿನದೊಳಗೆ ಕೊಡಬೇಕು. ಬೋರ್ಡ್ ಪ್ರೊಸೀಡಿಂಗ್ಸ್ ಜೊತೆಗೆ ಸರ್ವಿಸ್‌ನಲ್ಲಿದ್ದಾಗ ನಿಮ್ಮ ಫಿಟ್‌ನೆಸ್ ದರ್ಜೆ ಬರೆದ ಕೆಟಗರಿ ಬೋರ್ಡ್‌ಗಳ ಎಎಫ್‌ಎಂಎಸ್‌ಎಫ್-15 ಪ್ರತಿಗಳು, ಪೋಸ್ಟಿಂಗ್ ದಾಖಲಾದ ಪಾರ್ಟ್ ಟೂ ಆರ್ಡರ್‌ಗಳು, ಇವನ್ನೂ ಕೇಳಿ. ಬೋರ್ಡ್ ದಿನದೊಳಗೆ ಬರದಿದ್ದರೂ ಪರವಾಗಿಲ್ಲ, ಮುಂದೆ ಬೇಕೇ ಬೇಕು.

ಆ ಪ್ರೊಸೀಡಿಂಗ್ಸ್‌ನಲ್ಲಿ ಬೋರ್ಡ್ ಅಭಿಪ್ರಾಯದ ಪುಟ ತೆಗೆದು ನೋಡಿ. ಬಿಪಿ ಪೀಸ್ ಸ್ಟೇಷನ್‌ನಲ್ಲಿ (ಗಡಿಯಿಂದ ದೂರದ ಶಾಂತ ಜಾಗದ ಪೋಸ್ಟಿಂಗ್‌ನಲ್ಲಿ) ಶುರುವಾಯಿತು, ಫೀಲ್ಡ್ ಸರ್ವಿಸ್‌ಗೆ ಸಂಬಂಧ ಇಲ್ಲ, ಮಿಲಿಟರಿ ಡಾಕ್ಟರ್‌ಗಳ ಮಾರ್ಗದರ್ಶಿಯ 43ನೇ ಪ್ಯಾರಾ ನೋಡಿ ಅಂತ ಒಂದೂವರೆ ಸಾಲು ಇರುತ್ತದೆ. ನಾನು ಕಂಡ ಬಿಪಿ ಕೇಸ್‌ಗಳಲ್ಲಿ ಬಹುಪಾಲು ಅದೇ ಸಾಲು. ಅದನ್ನು ಒಡೆಯಬೇಕಾದರೆ ಪೀಸ್‌ಗೆ ಬರುವ ಮೊದಲು ನೀವು ಎಲ್ಲಿದ್ದಿರಿ, ಎಷ್ಟು ದಿನ ಇದ್ದಿರಿ, ಬಿಪಿ ಪತ್ತೆಯಾದದ್ದು ಅಲ್ಲಿಂದ ಎಷ್ಟು ತಿಂಗಳ ಮೇಲೆ, ಇಷ್ಟು ತಾರೀಖು ಸಮೇತ ಬೇಕು. ನೀವು ಇಲ್ಲಿ ಅದನ್ನೇ ಬರೆದಿಲ್ಲ ನೋಡಿ. ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು ಹೇಳಿ.

ಇನ್ನು ಕಾಯುವುದರ ಬಗ್ಗೆ. ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಕಾಯ್ದೆ 2007ರ 21ನೇ ಸೆಕ್ಷನ್ ಪ್ರಕಾರ ಅಪೀಲ್ ಹಾಕಿ ಆರು ತಿಂಗಳಾದರೂ ಆದೇಶ ಬರದಿದ್ದರೆ ನೇರ ಟ್ರಿಬ್ಯೂನಲ್‌ಗೆ ಹೋಗಬಹುದು. ಅಲ್ಲಿಂದ ಮುಂದೆ ಇನ್ನೊಂದು ಆರು ತಿಂಗಳ ಅವಧಿ, ಅದು 22ನೇ ಸೆಕ್ಷನ್. ನಿಮ್ಮ ಲೆಕ್ಕದಲ್ಲಿ ಅದು 2025ರ ಮಾರ್ಚ್‌ಗೇ ಮುಗಿದಿದೆ. ಗಾಬರಿ ಬೇಡ. ತಡವಾದದ್ದಕ್ಕೆ ಕಾರಣ ಹೇಳಿ ಜೊತೆಗೆ ಒಂದು ಅರ್ಜಿ ಹಾಕಬೇಕು ಅಷ್ಟೇ. ಪೆನ್ಷನ್ ಅಂದರೆ ಪ್ರತಿ ತಿಂಗಳೂ ತಪ್ಪುತ್ತಿರುವ ಹಣ, ಅದಕ್ಕೇ ಸುಪ್ರೀಂ ಕೋರ್ಟ್ 2008ರಲ್ಲಿ ತರ್ಸೆಮ್ ಸಿಂಗ್ ಕೇಸ್‌ನಲ್ಲಿ ಇದನ್ನು ಮುಂದುವರಿಯುತ್ತಿರುವ ಅನ್ಯಾಯ ಅಂತ ನೋಡಿತು. ಆದರೆ ಹಳೆಯ ಬಾಕಿಯನ್ನು ಅರ್ಜಿ ಹಾಕುವುದಕ್ಕಿಂತ ಮೂರು ವರ್ಷ ಹಿಂದಿನವರೆಗೆ ಮಾತ್ರ ಕೊಟ್ಟಿತು. ಇದನ್ನು ನಿಮ್ಮ ತಾರೀಖಿಗೆ ಹಚ್ಚಿ ನೋಡಿ. ನಿಮ್ಮ ಪೆನ್ಷನ್ ಶುರುವಾದದ್ದು 2023ರ ಆಗಸ್ಟ್ 1. 2026ರ ಜುಲೈ ಒಳಗೆ ಟ್ರಿಬ್ಯೂನಲ್‌ಗೆ ಹೋದರೆ ಒಂದು ತಿಂಗಳೂ ಕಳೆದುಕೊಳ್ಳುವ ಭಯ ಇಲ್ಲ. ಅದು ದಾಟಿದ ಮೇಲೆ ನೀವು ಕಾಯುವ ಒಂದೊಂದು ತಿಂಗಳಿಗೂ ಒಂದೊಂದು ತಿಂಗಳ ಬಾಕಿ ಕೈ ತಪ್ಪಬಹುದು. ಈ ತಾರೀಖನ್ನು ಕ್ಯಾಲೆಂಡರ್ ಮೇಲೆ ಈಗಲೇ ಬರೆದಿಡಿ.

ಮರಾಠಾ ಎಲ್‌ಐ:

ಬೋರ್ಡ್‌ಗೆ ಹೋಗಲೇಬೇಡಿ ಅಣ್ಣಾ. ಮೊದಲ ಬೋರ್ಡ್ ಏನು ಬರೆಯಿತೋ ಅದನ್ನೇ ಇದೂ ಬರೆಯುತ್ತದೆ. ಸುಮ್ನೆ ಖರ್ಚು. ವಕೀಲರನ್ನು ಹಿಡಿದು ನೇರ ಕೇಸ್ ಹಾಕಿ. ನಮ್ಮ ಯೂನಿಟ್‌ನ ಇಬ್ಬರಿಗೆ ಹಾಗೇ ಆಗಿದ್ದು.

ಕ್ಲರ್ಕ್ ಸಾಬ್ ಬೆಳಗಾವಿ:

ತಮ್ಮಾ, ನಿನ್ನ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಈ ಸಲಹೆ ಸರಿಯಿಲ್ಲ. ಕರೆದಾಗ ಹೋಗದಿದ್ದರೆ ಅರ್ಜಿದಾರ ಹಾಜರಾಗಲಿಲ್ಲ ಅಂತ ಬರೆದು ಫೈಲ್ ಮುಚ್ಚಬಹುದು. ನಾಳೆ ಟ್ರಿಬ್ಯೂನಲ್‌ನಲ್ಲಿ ಎದುರಿನವರು ಮೊದಲು ತೋರಿಸುವುದು ಅದೇ ಕಾಗದ. ಹೋಗಿ ಬಂದರೆ ಕಳೆದುಕೊಳ್ಳುವುದೇನು? ಕಿವಿಯ ವಿಷಯದಲ್ಲಂತೂ ಇವರು ಹೋಗಲೇಬೇಕು, ಯಾಕಂದರೆ ಅಲ್ಲಿ ಪರ್ಸೆಂಟ್ ಮೇಲೇ ಜಗಳ. 19ಕ್ಕೂ 20ಕ್ಕೂ ನಡುವೆ ಇರುವುದು ಒಂದೇ ಅಂಕಿ, ಆದರೆ 20 ಇಲ್ಲದಿದ್ದರೆ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಆ ತೊಂದರೆಗಾಗಿ ಪೆನ್ಷನ್ ಜೊತೆ ಕೊಡುವ ಹಣ, ಇಲ್ಲ. ಬೋರ್ಡ್ ನಡೆಯುತ್ತಿರುವಾಗಲೇ ಟ್ರಿಬ್ಯೂನಲ್ ಅರ್ಜಿಯ ತಯಾರಿ ಮಾಡಿಕೊಳ್ಳಲಿ, ಎರಡೂ ಜೊತೆಯಲ್ಲೇ ನಡೆಯಲಿ.

ಹಿಂದೆ ಆರ್‌ಎಂಒ ಆಗಿದ್ದವನು:

ನಾನು ಡಾಕ್ಟರ್, ಯೂನಿಟ್‌ಗಳಲ್ಲೂ ಮಿಲಿಟರಿ ಆಸ್ಪತ್ರೆಯಲ್ಲೂ ಕೆಲಸ ಮಾಡಿ ಈಗ ನಿವೃತ್ತ. ಬೋರ್ಡ್‌ನ ಆ ಕಡೆ ಕುರ್ಚಿಯಲ್ಲಿ ಎಷ್ಟೋ ಸಲ ಕೂತಿದ್ದೇನೆ.

ಹವಾಲ್ದಾರ್, ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಬಿಪಿ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೆ ಜಿಗಿಯುತ್ತದೆ, ಪಾರ್ಶ್ವವಾಯು ಹೊಡೆಯಬಹುದು, ಹೃದಯಕ್ಕೆ ಏಟು ಬೀಳಬಹುದು. ನೀವು ರಾತ್ರಿಯೆಲ್ಲಾ ಬಸ್ಸಿನಲ್ಲಿ ಪ್ರಯಾಣ ಮಾಡಿ ಬೆಳಗ್ಗೆ ಆಸ್ಪತ್ರೆ ಮೆಟ್ಟಿಲು ಹತ್ತುವವರು. ಪೆನ್ಷನ್‌ಗಾಗಿ ಹೋಗಿ ಒಂದು ಕೈ ಒಂದು ಕಾಲು ಬಿದ್ದು ಮನೆಗೆ ಬರುವುದು ಬೇಡ. ಆ ದಿನವೂ ಮಾತ್ರೆ ತಗೊಂಡೇ ಹೋಗಿ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಅಂತ ಚೀಟಿ ಜೊತೆಗಿರಲಿ. ಮಾತ್ರೆ ಮೇಲೆ ಬಿಪಿ ಹತೋಟಿಯಲ್ಲಿದೆ ಅಂದರೆ ಕಾಯಿಲೆ ಹೋಯಿತು ಅಂತ ಯಾವ ಡಾಕ್ಟರೂ ಬರೆಯುವುದಿಲ್ಲ. ನಾವು ನೋಡುವುದು ಬೇರೆ. ಇಸಿಜಿ, ಎಕೋದಲ್ಲಿ ಹೃದಯದ ಗೋಡೆ ದಪ್ಪ ಆಗಿದೆಯಾ, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಬದಲಾಗಿದೆಯಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ, ಕ್ರಿಯಾಟಿನಿನ್ ಎಷ್ಟು. ಬಿಪಿ ಎಷ್ಟು ವರ್ಷದಿಂದ ದೇಹವನ್ನು ತಿಂದಿದೆ ಅನ್ನುವುದು ಇವುಗಳಲ್ಲಿ ಕಾಣುತ್ತದೆ. ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಇತ್ತೀಚೆಗೆ ಮಾಡಿಸಿದ್ದರೆ ಆ ರಿಪೋರ್ಟ್‌ಗಳನ್ನೂ ಒಯ್ಯಿರಿ. ರೀಡಿಂಗ್ ತೆಗೆಯುವ ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಬೆನ್ನು ಕುರ್ಚಿಗೆ ಒರಗಿಸಿ ಐದು ನಿಮಿಷ ಸುಮ್ಮನೆ ಕೂತಿರಿ.

ಕಿವಿ ಟೆಸ್ಟ್‌ನಲ್ಲಿ ನಾಟಕ ಮಾಡಿದರೆ ಸಿಕ್ಕಿಬೀಳುತ್ತೀರಿ. ಅದೇ ಶಬ್ದವನ್ನು ಮತ್ತೆ ಮತ್ತೆ ಕೊಟ್ಟು ನೋಡುತ್ತಾರೆ, ಸುಳ್ಳು ಒತ್ತುವವರ ಉತ್ತರ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಅನುಮಾನ ಬಂದರೆ ಬೇರಾ ಅಂತ ಇನ್ನೊಂದು ಟೆಸ್ಟ್ ಇದೆ, ತಲೆಗೆ ತಂತಿ ಅಂಟಿಸಿ ನರ ಏನು ಹೇಳುತ್ತದೆ ಅಂತ ನೋಡುವುದು, ಅದರಲ್ಲಿ ಬಟನ್ನೇ ಇಲ್ಲ. ಒಂದು ಕಡೆ ಸುಳ್ಳು ಸಿಕ್ಕರೆ ನಿಮ್ಮ ನಿಜವಾದ ನೋವನ್ನೂ ಯಾರೂ ನಂಬುವುದಿಲ್ಲ. ಮತ್ತೆ ನಿಮಗೆ ಸುಳ್ಳು ಬೇಕಾಗಿಯೇ ಇಲ್ಲ. ಗುಂಡಿನ ಶಬ್ದದಿಂದ ಕೆಟ್ಟ ಕಿವಿಗೆ ಅದರದೇ ಗುರುತು ಇದೆ. ಆಡಿಯೋಗ್ರಾಮ್‌ನಲ್ಲಿ ಗೆರೆ 4000 ಹರ್ಟ್ಜ್ ಹತ್ತಿರ ಗುಂಡಿ ಬಿದ್ದ ಹಾಗೆ ಕೆಳಗಿಳಿದು 8000ದ ಕಡೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನಿಂದ ಮಂದವಾದ ಕಿವಿಯಲ್ಲಿ ಸಾಮಾನ್ಯವಾಗಿ ಆ ಗುಂಡಿ ಇರುವುದಿಲ್ಲ. ನಿಮಗೆ ಕುಕ್ಕರ್ ಸೀಟಿ ಕೇಳದೆ ಮಾತು ಅಲ್ಪಸ್ವಲ್ಪ ಕೇಳುತ್ತದೆ ಅಂದರೆ ಏರು ಶಬ್ದವೇ ಹೋಗಿದೆ ಅಂತ ಅರ್ಥ. ಈ ಕುಕ್ಕರ್ ಮಾತನ್ನು ಬೋರ್ಡ್ ಮುಂದೆ ಹಾಗೇ ಹೇಳಿ.

ಟೆಸ್ಟ್‌ಗೆ ಕೆಲವು ದಿನ ಮೊದಲು ಇಎನ್‌ಟಿ ಹತ್ತಿರ ಗುಗ್ಗೆ ತೆಗೆಸಿಕೊಳ್ಳಿ. ಹಿಂದಿನ ದಿನ ಟ್ರ್ಯಾಕ್ಟರ್, ಮೆಕ್ಕೆಜೋಳ ಒಕ್ಕುವ ಮೆಷಿನ್ ಹತ್ತಿರ ಹೋಗಬೇಡಿ. ಆಡಿಯೋಗ್ರಾಮ್ ಪ್ರತಿ ಕೊಡಿ ಅಂತ ಅಲ್ಲೇ ಕೇಳಿ.

ಪೀಸ್ ಸ್ಟೇಷನ್ ವಾದದ ಬಗ್ಗೆ ಡಾಕ್ಟರ್ ಆಗಿ ಒಂದು ಮಾತು. ಬಿಪಿ ಒಂದು ರಾತ್ರಿಯಲ್ಲಿ ಬರುವ ಕಾಯಿಲೆ ಅಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಫೀಲ್ಡ್‌ನಲ್ಲಿ ಯಾರು ಸುಮ್ಮಸುಮ್ಮನೆ ಬಿಪಿ ನೋಡಿಸಿಕೊಳ್ಳುತ್ತಾರೆ? ಕೆಳಗೆ ಬಂದು ವಾರ್ಷಿಕ ಮೆಡಿಕಲ್‌ನಲ್ಲಿ ಪಟ್ಟಿ ಕಟ್ಟಿದಾಗಲೇ ಸಿಗುವುದು. ಸಿಕ್ಕ ಜಾಗವೇ ಹುಟ್ಟಿದ ಜಾಗ ಅಂತ ಬರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದಾಗಲೂ ಕಂಡಿರಲಿಲ್ಲ.

ಗದಗ ಅಕ್ಕ:

ಅಣ್ಣಾ, ನಮ್ಮ ಮನೆಯವರು ನಾಯಕ್ ಆಗಿದ್ದರು. ಡ್ಯೂಟಿ ಮೇಲೇ ಫಿಟ್ಸ್ ಬಂದು 2011ರಲ್ಲಿ ಮೆಡಿಕಲ್ ಮೇಲೆ ಮನೆಗೆ ಕಳಿಸಿದರು. ಹುಟ್ಟಿನಿಂದ ದೇಹದಲ್ಲೇ ಇದ್ದ ಕಾಯಿಲೆ ಅಂತ ಬರೆದರು. ಭರ್ತಿ ಆಗುವಾಗ ಓಡಿಸಿ, ಬೀಮ್ ಮೇಲೆ ಎಳೆಸಿ, ಹಲ್ಲು ಎಣಿಸಿ ಫಿಟ್ ಅಂತ ತಗೊಂಡವರು ಯಾರು ಅಂತ ನಮ್ಮ ಮಾವ ಕೇಳುತ್ತಲೇ ತೀರಿಕೊಂಡರು.

2013ರಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಅನ್ನುವವರ ಕೇಸ್‌ನಲ್ಲಿ ತೀರ್ಪು ಕೊಟ್ಟಿತು. ಅವರಿಗೂ ಫಿಟ್ಸೇ. ಭರ್ತಿ ಆಗುವಾಗ ಕಾಗದದಲ್ಲಿ ಕಾಯಿಲೆ ಬರೆದಿಲ್ಲ ಅಂದರೆ ಆಗ ಆರೋಗ್ಯವಾಗಿದ್ದರು ಅಂತಲೇ ತಿಳಿಯಬೇಕು, ಸಿಪಾಯಿ ಸಾಬೀತು ಮಾಡುವ ಹಾಗಿಲ್ಲ, ಇಲ್ಲ ಅನ್ನುವವರು ಕಾರಣ ಬರೆಯಬೇಕು ಅಂತ ಅದರಲ್ಲಿದೆ. ಅದು ಗೊತ್ತಾದ ಮೇಲೆ ನಮಗೆ ಧೈರ್ಯ ಬಂತು. 2014ರಲ್ಲಿ ಕೊಚ್ಚಿ ಬೆಂಚ್‌ಗೆ ಹಾಕಿದೆವು. ಕರ್ನಾಟಕದವರು ಹೋಗಬೇಕಾದದ್ದು ಅಲ್ಲಿಗೇ. ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮಂಗಳೂರು, ಅಲ್ಲಿಂದ ರೈಲು. ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು, ಇವರ ಪಕ್ಕ ರಾತ್ರಿಯೆಲ್ಲಾ ಎಚ್ಚರ ಕೂತು ಹೋಗಿದ್ದೇನೆ. 2016ರಲ್ಲಿ ಆದೇಶ ಬಂತು. ಹಣ ಕೈಗೆ ಬರಲು ಅದರ ಮೇಲೂ ಹತ್ತು ತಿಂಗಳು ಬೇಕಾಯಿತು, ಆದೇಶ ಜಾರಿ ಮಾಡಿಸಿ ಅಂತ ಇನ್ನೊಂದು ಅರ್ಜಿ ಹಾಕಿದೆವು. ಆದೇಶ ಬಂದ ದಿನ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ ಅಂತ ಹೇಳುತ್ತಿದ್ದೇನೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆ ಇದೆ. ಆಮೇಲೆ ಇವರಿಗೆ ರೀಸರ್ವೇ ಬೋರ್ಡ್, ಅಂದರೆ ಮರುಪರೀಕ್ಷೆಯ ಬೋರ್ಡ್, ಆಯಿತು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಡಾಕ್ಟರ್ ಹೇಗಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದರು. ಇವರು ಎದೆ ಸೆಟೆದು, ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಒತ್ತಿ ನಿಂತು, ಜೋರಾಗಿ ‘ಠೀಕ್ ಹೈ ಸಾಬ್’ ಅಂದರು! ಹಿಂದಿನ ವಾರವಷ್ಟೇ ಬಚ್ಚಲಲ್ಲಿ ಬಿದ್ದು ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿತ್ತು. ಆ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಎಷ್ಟು ವರ್ಷ ಸಾಹೇಬರ ಮುಂದೆ ಠೀಕ್ ಹೈ ಅಂದು ಅಂದು ಅಭ್ಯಾಸ ಆಗಿಹೋಗಿದೆ ಅಣ್ಣಾ. ನಾನು ಬಾಗಿಲು ತಟ್ಟಿ ಒಳಗೆ ಹೋಗಿ ನನ್ನ ನೋಟ್‌ಬುಕ್ ಕೊಟ್ಟೆ. ಯಾವ ದಿನ ಫಿಟ್ಸ್ ಬಂತು, ಎಷ್ಟು ಹೊತ್ತು ಇತ್ತು, ಎಲ್ಲಿ ಪೆಟ್ಟಾಯಿತು ಅಂತ ಎರಡು ವರ್ಷದ ಲೆಕ್ಕ ಅದರಲ್ಲಿತ್ತು. ಡಾಕ್ಟರಮ್ಮ ಕುಳಿತು ಓದಿದರು. ಒಂದು ಪುಟವನ್ನೂ ಬಿಡಲಿಲ್ಲ.

ನಿಮ್ಮ ಹೆಂಡತಿಯ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಏನೇನು ಕೇಳುವುದಿಲ್ಲ, ರಾತ್ರಿ ನಿದ್ದೆ ಹೇಗೆ, ತಲೆನೋವು ಯಾವಾಗ. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಗುವುದಾದರೆ ಜೊತೆಗೇ ಕರೆದುಕೊಂಡು ಹೋಗಿ.

ಗನ್ನರ್ ಹಾವೇರಿ:

ಅಕ್ಕಾ, ನಿಮ್ಮ ಮಾತನ್ನು ಮನೆಯವಳಿಗೆ ಓದಿ ಹೇಳಿದೆ. ಅವಳು ಅತ್ತೇಬಿಟ್ಟಳು. ಹಾಳೆ ಬರೆಯುವುದಕ್ಕೆ ಅವತ್ತೇ ಕೂತಳು. ಡಾಕ್ಟರ್ ಸಾಬ್, ಮಾತ್ರೆ ನಿಲ್ಲಿಸುವುದಿಲ್ಲ, ಮಾತು ಕೊಡುತ್ತೇನೆ.

ಕ್ಲರ್ಕ್ ಸಾಬ್, ಪೋಸ್ಟಿಂಗ್ ಹೀಗಿದೆ. 2003ರಿಂದ 2005ರವರೆಗೆ ಕುಪ್ವಾರಾ ಕಡೆ ರಾಷ್ಟ್ರೀಯ ರೈಫಲ್ಸ್‌ನಲ್ಲಿ ಇದ್ದೆ. 2012ರಿಂದ 2014ರ ಜುಲೈವರೆಗೆ ಉತ್ತರ ಸಿಕ್ಕಿಂ, ಹೈ ಆಲ್ಟಿಟ್ಯೂಡ್. ಅಲ್ಲಿಂದ ಪೀಸ್‌ಗೆ ಇಳಿದೆವು. ಬಿಪಿ ಅಂತ ಕಾಗದದಲ್ಲಿ ಮೊದಲು ಬಂದದ್ದು 2015ರ ಫೆಬ್ರವರಿ, ವಾರ್ಷಿಕ ಮೆಡಿಕಲ್‌ನಲ್ಲಿ. ಅಂದರೆ ಏಳು ತಿಂಗಳಿಗೆ.

ನಿನ್ನೆ ಅಟ್ಟದಿಂದ ಕಪ್ಪು ಟ್ರಂಕ್ ಇಳಿಸಿದೆ. ನನ್ನ ನಂಬರ್, ಹೆಸರು ಬಿಳಿ ಬಣ್ಣದಲ್ಲಿ ಬರೆದದ್ದು ಇನ್ನೂ ಹಾಗೇ ಇದೆ. ಒಳಗೆ ಜರ್ಸಿ, ಹಳೆಯ ಬೆಲ್ಟ್, ಮಗಳು ಚಿಕ್ಕವಳಿದ್ದಾಗ ಬರೆದ ಇನ್‌ಲ್ಯಾಂಡ್ ಪತ್ರಗಳು. ಡಿಸ್ಚಾರ್ಜ್ ಬುಕ್ ಕವರ್‌ನಲ್ಲಿ ಒಂದು ಚೀಟಿ ಮಡಿಸಿ ಇಟ್ಟಿದ್ದೆ, ಯಾಕೆ ಇಟ್ಟಿದ್ದೆನೋ ನೆನಪಿಲ್ಲ. ಎಂಐ ರೂಮ್, ಅಂದರೆ ಯೂನಿಟ್ ದವಾಖಾನೆಯ ಚೀಟಿ. ತಾರೀಖು 2014ರ ಮೇ. ತಲೆನೋವು, ನಿದ್ದೆ ಇಲ್ಲ ಅಂತ ಹಿಂದಿಯಲ್ಲಿ ಬರೆದಿದೆ. ಕೆಳಗೆ ಬಿಪಿ 150/100. ಎರಡು ದಿನ ರೆಸ್ಟ್, ಮತ್ತೆ ತೋರಿಸಿ ಅಂತಿದೆ. ಮತ್ತೆ ತೋರಿಸಲಿಲ್ಲ, ಆಗ ಗನ್‌ಗಳನ್ನು ಮುಂದಿನ ಪೊಸಿಷನ್‌ಗೆ ಒಯ್ಯುವ ಕೆಲಸ ನಡೆದಿತ್ತು. ಸಹಿ ಇದೆ, ಯೂನಿಟ್ ಸೀಲ್ ಅರ್ಧ ಅಳಿಸಿದೆ. ಇದು ನಡೆಯುತ್ತದಾ?

ಕ್ಲರ್ಕ್ ಸಾಬ್ ಬೆಳಗಾವಿ:

ನಡೆಯುತ್ತದಾ ಅಂತ ಕೇಳುತ್ತೀರಲ್ಲ, ನಿಮ್ಮ ಇಡೀ ಫೈಲ್‌ನಲ್ಲಿ ಇದಕ್ಕಿಂತ ದೊಡ್ಡ ಕಾಗದ ಇಲ್ಲ. ಪೀಸ್‌ನಲ್ಲಿ ಶುರುವಾಯಿತು ಅನ್ನುವ ಸಾಲನ್ನು ಇದು ನೇರವಾಗಿ ಒಡೆಯುತ್ತದೆ. ಮೂಲ ಚೀಟಿಯನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ಜೇಬಿಗೆ. ಐದು ಪ್ರತಿ ಮಾಡಿಸಿ. ಒಂದು ಪ್ರತಿಯನ್ನು ಪೋಸ್ಟಿಂಗ್ ತಾರೀಖುಗಳ ಜೊತೆ ಒಂದೇ ಪುಟದ ಪತ್ರ ಮಾಡಿ ಅಪೀಲ್ ಕಮಿಟಿಗೆ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದನ್ನು ಬೋರ್ಡ್‌ನಲ್ಲಿ ಕೊಟ್ಟು ಸ್ವೀಕೃತಿ ಸಹಿ ಕೇಳಿ. ಸಹಿ ಕೊಡದಿದ್ದರೆ ನಿಮ್ಮ ಹೇಳಿಕೆ ಬರೆಯುವ ಪುಟದಲ್ಲೇ, ‘ಮೊದಲ ಸಲ ತೊಂದರೆ ಕಂಡದ್ದು ಮೇ 2014, ಉತ್ತರ ಸಿಕ್ಕಿಂ, ಎಂಐ ರೂಮ್ ಚೀಟಿ ಲಗತ್ತಿಸಿದೆ’ ಅಂತ ನಿಮ್ಮ ಕೈಯಿಂದ ಬರೆಯಿರಿ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ. ಇಲ್ಲಿ ಸಹಿ ಮಾಡಿ, ಆಮೇಲೆ ತುಂಬುತ್ತೇವೆ ಅಂತ ಯಾರಾದರೂ ಹೇಳಿದರೆ ಮರ್ಯಾದೆಯಿಂದಲೇ ಬೇಡ ಅನ್ನಿ.

ಒಂದು ವಿಷಯ ಗೊತ್ತಿರಲಿ. ನೀವು ಪೆನ್ಷನ್ ಬಂದದ್ದು ಜುಲೈ 2023. ಕಾಯಿಲೆಗೆ ಸರ್ವಿಸ್ ಕಾರಣವೋ ಅಲ್ಲವೋ ಅಂತ ತೀರ್ಮಾನಿಸುವ ಹೊಸ ನಿಯಮ ಜಾರಿಗೆ ಬಂದದ್ದು 2023ರ ಸೆಪ್ಟೆಂಬರ್ 21. ಹಾಗಾಗಿ ನಿಮಗೆ 2008ರ ನಿಯಮವೇ ಅನ್ವಯ. ಆಮೇಲೆ ಬಂದವರ ಲೆಕ್ಕ ಬೇರೆ, ಅವರ ಸಲಹೆ ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಧರಮ್‌ವೀರ್ ಸಿಂಗ್ ತೀರ್ಪು 1982ರ ನಿಯಮದ ಮೇಲೆ ಬಂದದ್ದು, ನಿಮಗೆ ಅನ್ವಯ ಆಗುವುದಿಲ್ಲ ಅಂತ ಎದುರಿನವರು ವಾದ ಮಾಡುತ್ತಾರೆ. ಆದರೆ 2008ರ ನಿಯಮದಲ್ಲೂ ಸಾಮಾನ್ಯವಾಗಿ ಸಿಪಾಯಿಯೇ ಸಾಬೀತು ಮಾಡಬೇಕಾಗಿಲ್ಲ ಅಂತಲೇ ಇದೆ, ನಿವೃತ್ತಿಯಾಗಿ 15 ವರ್ಷದ ಮೇಲೆ ಕೇಳುವವರಿಗೆ ಮಾತ್ರ ಆ ಹೊರೆ. ದೆಹಲಿ ಹೈಕೋರ್ಟ್ ಕೂಡ 2025ರಲ್ಲಿ ಪೀಸ್ ಸ್ಟೇಷನ್‌ನಲ್ಲಿ ಕಾಯಿಲೆ ಕಂಡಿತು ಅನ್ನುವುದೊಂದೇ ಇಲ್ಲ ಅನ್ನುವುದಕ್ಕೆ ಸಾಕಾಗುವುದಿಲ್ಲ ಅಂತ ಹೇಳಿದೆ.

ಹಣದ ಲೆಕ್ಕವನ್ನೂ ಹೇಳುತ್ತೇನೆ, ಮನೆಯಲ್ಲಿ ಕೇಳುತ್ತಾರೆ ಅಲ್ವಾ. 100 ಪರ್ಸೆಂಟ್ ಡಿಸೆಬಿಲಿಟಿಗೆ ಕೊನೆಯ ಸಂಬಳದ 30 ಪರ್ಸೆಂಟ್ ಸಿಗುತ್ತದೆ. ಬಿಪಿಯ 30 ಒಪ್ಪಿದರೆ ಅದನ್ನು 50ಕ್ಕೆ ಏರಿಸಿ ಕೊಡಬೇಕು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಿಗಬೇಕು ಅಂತ ಸುಪ್ರೀಂ ಕೋರ್ಟ್‌ನ 2014ರ ಡಿಸೆಂಬರ್‌ನ ರಾಮ್ ಅವತಾರ್ ತೀರ್ಪು ಹೇಳುತ್ತದೆ. ಅಂದರೆ ಕೊನೆಯ ಸಂಬಳದ 15 ಪರ್ಸೆಂಟ್. ಲೆಕ್ಕಕ್ಕೆ ಬರುವ ಸಂಬಳ 50,000 ಇದ್ದರೆ ತಿಂಗಳಿಗೆ 7,500, ಅದರ ಮೇಲೆ ಡಿಆರ್, ಅಂದರೆ ತುಟ್ಟಿ ಪರಿಹಾರ. ಈ ಏರಿಕೆಯನ್ನು ಟ್ರಿಬ್ಯೂನಲ್ ಅರ್ಜಿಯಲ್ಲಿ ಬೇರೆಯಾಗಿ ಬರೆದೇ ಕೇಳಬೇಕು. ಬರೆಯದೆ ಬಿಟ್ಟು ಆಮೇಲೆ ಮತ್ತೆ ಓಡಾಡಿದವರನ್ನು ನೋಡಿದ್ದೇನೆ.

ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಅಂತ ಯೋಜನೆ ಶುರು ಮಾಡಿದೆ, ಸೈನಿಕರಿಗೆ, ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಕಾನೂನು ನೆರವು ಕೊಡುವುದಕ್ಕೆ.

ಗನ್ನರ್ ಹಾವೇರಿ:

ಬೋರ್ಡ್ ಮುಗಿಸಿ ನಿನ್ನೆ ರಾತ್ರಿ ಊರಿಗೆ ಬಂದೆವು. ಏನಾಯಿತು ಅಂತ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗ ಆಗಲಿ.

ಬೆಳಗ್ಗೆ ಏಳಕ್ಕೇ ಹೋಗಿದ್ದೆವು, ಹೆಸರು ಕೂಗಿದ್ದು ಹನ್ನೊಂದೂವರೆಗೆ. ಮೊದಲು ರಕ್ತ, ಮೂತ್ರ, ಇಸಿಜಿ. ಬಿಪಿ ಮೂರು ಸಲ ನೋಡಿದರು, ಮಾತ್ರೆ ಮೇಲೂ 146/94 ಇತ್ತು. ಮಾತ್ರೆ ಚೀಟಿ ಕೇಳಿ ತಗೊಂಡರು. ಕಣ್ಣಿಗೆ ಹನಿ ಹಾಕಿ ಬೆಳಕು ಬಿಟ್ಟು ನೋಡಿದರು.

ಕಿವಿಗೆ ಗಾಜಿನ ಕಿಟಕಿಯ ಚಿಕ್ಕ ಕೋಣೆ. ಬಾಗಿಲು ಮುಚ್ಚಿದ ಮೇಲೆ ಹೊರಗಿನ ಸದ್ದೆಲ್ಲಾ ನಿಂತು ನನ್ನ ಜೀರುಂಡೆ ಒಂದೇ ಕೇಳತೊಡಗಿತು. ಕೇಳಿದಾಗ ಮಾತ್ರ ಒತ್ತಿದೆ. ಸುಮಾರು ಹೊತ್ತು ಏನೂ ಕೇಳದೆ ಬಟನ್ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದೆ. ಗಾಜಿನ ಆ ಕಡೆ ಹುಡುಗ ಒಂದೊಂದೇ ಗುರುತು ಹಾಕುತ್ತಿರುವುದು ಕಾಣುತ್ತಿತ್ತು, ಆಗ ಅಲ್ಲಿ ಶಬ್ದ ಬರುತ್ತಿದೆ, ನನಗೆ ಮಾತ್ರ ಇಲ್ಲ ಅಂತ ಗೊತ್ತಾಗುತ್ತಿತ್ತು. ಪ್ರತಿ ಕೊಟ್ಟರು. ಡಾಕ್ಟರ್ ಸಾಬ್, ನೀವು ಹೇಳಿದ ಗುಂಡಿ ಎರಡೂ ಕಿವಿಯಲ್ಲಿ 4000ದ ಹತ್ತಿರವೇ ಇದೆ.

ಬೋರ್ಡ್‌ನಲ್ಲಿ ಮೂವರಿದ್ದರು. ಹೇಗಿದ್ದೀರಿ ಅಂತ ಕೇಳಿದರು. ನನ್ನ ಬಾಯಲ್ಲೂ ಠೀಕ್ ಹೈ ಬಂದೇಬಿಟ್ಟಿತ್ತು ಅಕ್ಕಾ. ಅಲ್ಲಿಗೇ ತಡೆದು, ಠೀಕ್ ಇಲ್ಲ ಸಾಬ್ ಅಂದೆ. ಮನೆಯವಳು ಬರೆದ ಹಾಳೆ ಕೊಟ್ಟೆ, ಕನ್ನಡದಲ್ಲಿತ್ತು, ನಾನೇ ಹಿಂದಿಯಲ್ಲಿ ಓದಿ ಹೇಳಿದೆ. ಆಮೇಲೆ ಸಿಕ್ಕಿಂ ಚೀಟಿ ತೋರಿಸಿದೆ. ಹಿರಿಯರು ಕನ್ನಡಕ ಮೇಲೆತ್ತಿ ಎರಡು ಸಲ ಓದಿದರು. ಇದು ಮೊದಲ ಬೋರ್ಡ್‌ನಲ್ಲಿ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ಸಾಬ್ ಅಂದೆ. ಪ್ರತಿಯನ್ನು ಫೈಲ್‌ಗೆ ಪಿನ್ ಮಾಡಿಸಿದರು, ನನ್ನ ಕಣ್ಣ ಮುಂದೆಯೇ. ಸ್ವೀಕೃತಿ ಸಹಿ ಕೊಡಲಿಲ್ಲ. ಅದಕ್ಕೇ ಹೇಳಿಕೆ ಪುಟದಲ್ಲಿ ಕ್ಲರ್ಕ್ ಸಾಬ್ ಹೇಳಿದ ಸಾಲನ್ನು ಹಾಗೇ ಬರೆದು ಸಹಿ ಹಾಕಿದೆ.

ಫಲಿತಾಂಶ ಅಲ್ಲಿ ಹೇಳುವುದಿಲ್ಲ, ಪತ್ರ ಬರುತ್ತದೆ ಅಂದರು. ಇವತ್ತು ಆರ್‌ಟಿಐ ಪೋಸ್ಟ್ ಮಾಡಿದೆ, ಈ ಬೋರ್ಡ್‌ನ ಪ್ರೊಸೀಡಿಂಗ್ಸ್ ಪ್ರತಿಯನ್ನೂ ಅದರಲ್ಲೇ ಕೇಳಿದ್ದೇನೆ. ಸೋಮವಾರ ಸೈನಿಕ ಕಲ್ಯಾಣ ಕಚೇರಿಗೆ ಹೋಗುತ್ತೇನೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಮುಂದಿನ ವರ್ಷದ ಹಾಳೆ ಇಲ್ಲ, ಅದಕ್ಕೆ ಮಗಳು ಗೋಡೆ ಮೇಲೆ ಪೆನ್ಸಿಲಿನಿಂದ ಬರೆದಿದ್ದಾಳೆ: ಜುಲೈ 2026, ಅಪ್ಪನ ಕೇಸ್, ಅದರೊಳಗೆ.